ಒಳಗಿನಿಂದ ಅಳೆಯುತ್ತಿದ್ದ ಇಂಚಣ್ಣ

ನಮ್ಮಣ್ಣನನ್ನು ಊರೆಲ್ಲ ಕರೆಯುವುದು ಇಂಚಣ್ಣ ಅಂತ. ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ನಮ್ಮ ಟೈರ್ ಅಂಗಡಿಯ ಮುಂದೆ ಯಾವ ಗಾಡಿ ಬಂದು ನಿಂತರೂ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಚಕ್ರಕ್ಕೆ. "ಆರೂವರೆ ಇಂಚು" ಅನ್ನುತ್ತಿದ್ದ, "ಇದು ಏಳು" ಅನ್ನುತ್ತಿದ್ದ. ಗಾಡಿಯವನು ನಮಸ್ಕಾರ ಅನ್ನುವುದಕ್ಕೂ ಮೊದಲು ಇಂಚು. ಮನುಷ್ಯನ ಮುಖ ಆಮೇಲೆ.

ಅವನ ಮದುವೆ ನಿಂತುಹೋದದ್ದೂ ಇದರಿಂದಲೇ. ಸಂಬಂಧ ಹೆಚ್ಚುಕಮ್ಮಿ ಕೂಡಿಬಂದಿತ್ತು. ಹುಡುಗಿಯ ಅಪ್ಪ ಹೊಸ ಕಾರಿನಲ್ಲಿ ಮಾತಾಡಲು ಬಂದರು. ಅಣ್ಣ ಬಾಗಿಲಿಗೆ ಹೋಗಿ, ಅವರನ್ನು ಒಳಗೆ ಕರೆಯುವುದು ಬಿಟ್ಟು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾವನೋರೇ, ಟೈರು ರಿಮ್ಮಿಗೆ ಹೆಚ್ಚಾಯ್ತು. ವಾಪಸ್ ಹೋಗುವಾಗ ಸೇತುವೆ ತಿರುವಲ್ಲಿ ಜೋಪಾನ" ಅಂದ. ಆ ಮನುಷ್ಯ ಅಪಶಕುನ ನುಡಿದವನನ್ನು ನೋಡಿದ ಹಾಗೆ ನೋಡಿದರು. ಮದುವೆಗೆ ಮೊದಲೇ ಮಾವನ ಟೈರಿನಲ್ಲಿ ಹುಳುಕು ಹುಡುಕುವವನು ನಾಳೆ ಮಗಳಲ್ಲಿ ಎಷ್ಟು ಹುಡುಕಿಯಾನು ಅಂತ ಅವರಿಗೆ ಅನಿಸಿರಬೇಕು. ಹೋದವರು ತಿರುಗಿ ಬರಲಿಲ್ಲ. ಅಮ್ಮ ಹಣೆಹಣೆ ಚಚ್ಚಿಕೊಂಡಳು. ಅಣ್ಣ ಮಾತ್ರ, "ಟೈರು ಬದಲಾಯಿಸಿದ್ರಂತೆ, ಕೇಳ್ದೆ" ಅಂತ ಖುಷಿಯಾಗಿ ಊಟಕ್ಕೆ ಕೂತ. ಇಂಥವನನ್ನು ಕಟ್ಟಿಕೊಂಡು ಯಾರು ತಾನೆ ಏಗುತ್ತಾರೆ?

ಏಗಿದವಳು ನಾನೇ. ನಾನು ಅವನ ಒಬ್ಬಳೇ ತಂಗಿ. ಗಂಡನ ಮನೆಯ ಸಹವಾಸ ಸಾಕಾಗಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ನಾನು ಅಂಗಡಿಯ ಮುಂದೆ ಇಳಿದ ದಿನ, ಅವನು ಯಾಕೆ ಬಂದೆ, ಏನಾಯ್ತು, ಮತ್ತೆ ಯಾವಾಗ ಹೋಗ್ತೀಯ ಅಂತ ಒಂದು ಮಾತು ಕೇಳಲಿಲ್ಲ. ಕೌಂಟರಿನ ಕುರ್ಚಿಯ ಮೇಲಿದ್ದ ಹಳೇ ಟ್ಯೂಬುಗಳನ್ನು ತೆಗೆದು ಕೆಳಗೆ ಹಾಕಿ, ಬಟ್ಟೆಯಲ್ಲಿ ಸೀಟು ಒರೆಸಿ, "ಕೂತ್ಕೋ" ಅಂದ. ಅಂದು ಕೂತವಳು ಇನ್ನೂ ಎದ್ದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಬಾಯಿಗೆ ಬೀಗವಿಲ್ಲ. ಅವನು ನನ್ನನ್ನು ಕರೆಯುವುದೇ ಮೆಣಸಿನಕಾಯಿ ಅಂತ. ಕರೆಯಲಿ ಬಿಡಿ, ನನಗೇನೂ ಬೇಜಾರಿಲ್ಲ. ಅಮ್ಮ ತೀರಿಕೊಂಡ ಮೇಲೆ ಜಗತ್ತಿನಲ್ಲಿ ನನ್ನವರು ಅಂತ ಇದ್ದದ್ದು ಅವನೊಬ್ಬ.

ಅವನ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಕಾರಿನ ಚಕ್ರವೆಂದರೆ ಎರಡು ವಸ್ತು: ಲೋಹದ ರಿಮ್ಮು, ಅದರ ಮೇಲೆ ಕೂರುವ ರಬ್ಬರಿನ ಟೈರು. ರಿಮ್ಮಿನ ಅಗಲವನ್ನು ಇಂಚಿನಲ್ಲಿ ಹೇಳುತ್ತಾರೆ, ಟೈರಿನ ಅಗಲವನ್ನು ಮಿಲಿಮೀಟರಿನಲ್ಲಿ. ಯಾವ ಪುಣ್ಯಾತ್ಮ ಹೀಗೆ ಮಾಡಿದನೋ ದೇವರೇ ಬಲ್ಲ. ಗಂಡನದೊಂದು ಭಾಷೆ, ಹೆಂಡತಿಯದೊಂದು ಭಾಷೆ. ಇಬ್ಬರನ್ನೂ ಕೂಡಿಸಿ ಸಂಸಾರ ಮಾಡಿಸುವುದು ಅಣ್ಣನ ಉದ್ಯೋಗ. ಟೈರು ರಿಮ್ಮಿಗಿಂತ ತೀರಾ ಅಗಲವಾದರೆ ಅದರ ಪಕ್ಕೆಗಳು ಒಳಕ್ಕೆ ಚಿವುಟಿಕೊಂಡು ನಡುವೆ ಉಬ್ಬುತ್ತದೆ, ತಿರುವಿನಲ್ಲಿ ಕುಡಿದವನ ಹಾಗೆ ಓಲಾಡುತ್ತದೆ. ತೀರಾ ಕಿರಿದಾದರೆ ಪಕ್ಕೆಗಳು ಎಳೆದುಕೊಂಡು, ಜೋರಾಗಿ ತಿರುಗಿಸಿದಾಗ ಟೈರು ರಿಮ್ಮಿನಿಂದ ಜಾರಿ ಬರಬಹುದು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಟೈರಿಗೆ ಕಣ್ರೋ, ಮನುಷ್ಯರಿಗಲ್ಲ. ಮನುಷ್ಯ ಕಾಲು ಮಡಚ್ಕೊಂಡಾದ್ರೂ ಮಲಗ್ತಾನೆ" ಅನ್ನುತ್ತಿದ್ದ.

ಅಂಗಡಿಗೆ ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಅವನು ಕಲಿಸುತ್ತಿದ್ದ ಮೊದಲ ಪಾಠ ಒಂದೇ: ರಿಮ್ಮನ್ನು ಒಳಗಿನಿಂದ ಅಳೆ. ರಿಮ್ಮಿನ ಎರಡೂ ಅಂಚು ಹೊರಕ್ಕೆ ಮಡಚಿಕೊಂಡಿರುತ್ತವೆ. ಟೈರು ಕೂರುವುದು ಆ ಅಂಚುಗಳ ಒಳಗೆ. ಟೇಪನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಹಿಡಿದರೆ ಹೆಚ್ಚುಕಮ್ಮಿ ಒಂದು ಇಂಚು ಸುಳ್ಳು ಬರುತ್ತದೆ. ಅದಕ್ಕೆ ಅವನ ಹತ್ತಿರ ಎರಡು ಮರದ ಕಡ್ಡಿಗಳಿದ್ದವು. ಒಂದರ ಪಕ್ಕ ಒಂದನ್ನು ಇಟ್ಟು, ಎರಡೂ ತುದಿ ಅಂಚಿನ ಒಳಗೋಡೆಗೆ ತಾಗುವವರೆಗೆ ಜಾರಿಸಿ, ಬೆರಳಲ್ಲಿ ಬಿಗಿಯಾಗಿ ಹಿಡಿದು ಹೊರಗೆ ತೆಗೆದು ಸ್ಕೇಲಿನ ಮೇಲೆ ಇಡುತ್ತಿದ್ದ. ಯಾರಾದರೂ ಹೊರಗಿನಿಂದ ಟೇಪು ಹಿಡಿದರೆ ಮುಗಿಯಿತು ಕತೆ. "ಮನೆ ಅಳೆಯೋಕೆ ಹೇಳಿದ್ರೆ ಕಾಂಪೌಂಡ್ ಅಳೀತೀಯೇನೋ ಬೃಹಸ್ಪತಿ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಈಗ ನಮ್ಮಲ್ಲಿರುವ ಫಿಟ್ಟರ್ ಕೂಡ ಆ ಬೈಗುಳ ತಿಂದೇ ಬೆಳೆದವನು. ಅವನಿಗೆ ಅಣ್ಣ ಇಟ್ಟ ಹೆಸರು ಮೌನಿ, ಯಾಕೆಂದರೆ ನಿದ್ದೆಯಲ್ಲೂ ಅವನ ಬಾಯಿ ನಿಲ್ಲುವುದಿಲ್ಲ ಅಂತ ಅವನ ಹೆಂಡತಿಯೇ ಬಂದು ದೂರು ಕೊಟ್ಟಿದ್ದಳು.

ಮರೆವು ಯಾವಾಗ ಶುರುವಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, "ಚಹಾ ಇನ್ನೂ ಬರಲಿಲ್ವಲ್ಲೇ" ಅನ್ನುತ್ತಿದ್ದ. ನಾನು, "ಹೊಟ್ಟೆಗೆ ಹೋಗಿದ್ದು ಯಾರದ್ದು, ಪಕ್ಕದ ಮನೆಯವರದ್ದಾ?" ಅಂತ ರೇಗುತ್ತಿದ್ದೆ. ಅವನೂ ನಗುತ್ತಿದ್ದ. ಆಮೇಲೆ ಒಂದು ಸಂಜೆ ಅಂಗಡಿಯಿಂದ ಮನೆಗೆ ಹೊರಟವನು ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ನಮ್ಮದೇ ಬೀದಿಯ ಕೊನೆಯಲ್ಲಿ, ಬೇಕರಿಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿದ ಕೂಡಲೇ ಎದ್ದು, "ನಿನಗೋಸ್ಕರ ಕಾಯ್ತಿದ್ದೆ" ಅಂದ. ಸುಳ್ಳು. ಮುಖ ಬಿಳಿಚಿಕೊಂಡಿತ್ತು. ಮನೆ ಎಡಕ್ಕೋ ಬಲಕ್ಕೋ ಅವನಿಗೆ ಗೊತ್ತಾಗಿರಲಿಲ್ಲ. ಅವತ್ತು ನಾನು ರೇಗಲಿಲ್ಲ, ಕೈ ಹಿಡಿದುಕೊಂಡು ನಡೆದೆ.

ನರಗಳ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಇವತ್ತು ಯಾವ ವಾರ ಅಂತ ಅಣ್ಣನನ್ನು ಕೇಳಿದರು. ಅಣ್ಣ ಕಿಟಕಿಯಿಂದ ಹೊರಗೆ ನೋಡಿ, "ಅಂಗಡಿ ತೆಗೆದಿರೋ ವಾರ" ಅಂದ. ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. "ಹೋದ ನೆನಪು ವಾಪಸ್ ಬರೋದಲ್ಲಮ್ಮ. ಇಳೀತಾ ಹೋಗುತ್ತೆ. ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದು, ಅಷ್ಟೇ. ಕೈಗೆ ಅಭ್ಯಾಸವಾದ ಕೆಲಸ ಎಲ್ಲಕ್ಕಿಂತ ಕೊನೇಲಿ ಹೋಗುತ್ತೆ. ಅಪಾಯ ಇಲ್ಲದಷ್ಟು ದಿನ ಕೆಲಸ ಮಾಡ್ಲಿ."

ನಾನು ಹಿಡಿದುಕೊಂಡದ್ದು ಒಂದೇ ಮಾತನ್ನು, ಕೈಯ ಕೆಲಸ ಕೊನೆಗೆ ಹೋಗುತ್ತದೆ ಅನ್ನುವುದನ್ನು. ಉಳಿದದ್ದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದೆ. ಚಹಾ ಮರೆಯಲಿ, ವಾರ ಮರೆಯಲಿ, ಬೀದಿ ಮರೆಯಲಿ, ನಾನಿದ್ದೇನಲ್ಲ. ಅಳತೆ ಇರುವವರೆಗೆ ನನ್ನಣ್ಣ ಇರುತ್ತಾನೆ. ಇಷ್ಟೇ ನನ್ನ ಲೆಕ್ಕ. ಡಾಕ್ಟರಿಗಿಂತ ನನಗೆ ಹೆಚ್ಚು ಗೊತ್ತು ಅನ್ನುವ ಹುಂಬತನ ಬೇರೆ.

ಇಂಥ ಸಮಯದಲ್ಲಿ ಹಲ್ಲಿನ ಡಾಕ್ಟರಮ್ಮ ತಮ್ಮ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ, ಬೂದು ಬಣ್ಣದ ಕಾರು. ಅದರಿಂದ ಇಳಿಯುವುದಕ್ಕೆ ಆಯಮ್ಮ ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಳಿದದ್ದೆಲ್ಲ ಹೊರಗೆ ಹಾಕಬೇಕಾಗಿತ್ತು. ವಾರವೆಲ್ಲ ಮಂದಿಯ ಬಾಯಲ್ಲಿ ಇಣುಕಿ, ರಜೆ ಬಂದರೆ ಬೆಟ್ಟದ ರಸ್ತೆಯಲ್ಲಿ ಈ ಕಾರು ಓಡಿಸುವುದು ಅವರ ಹುಚ್ಚು. ಯಾರಿಂದಲೋ ಅಗಲವಾದ ನಾಲ್ಕು ರಿಮ್ಮು ಕೊಂಡಿದ್ದರು. ಹಳೆಯವು, ಹೊಸದಾಗಿ ಬಣ್ಣ ಹೊಡೆದು ಅಳತೆಯ ಅಚ್ಚೆಲ್ಲ ಮುಚ್ಚಿಹೋಗಿತ್ತು. ಹಿಂದಿನ ಜೋಡಿ ಹೆಚ್ಚು ಅಗಲ, ಮುಂದಿನ ಜೋಡಿ ಕಡಿಮೆ.

"ಇದಕ್ಕೆ ಯಾವ ಟೈರು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀವು ಹೇಳಿದ್ದೇ ಕೊನೇ ಮಾತು, ಇಂಚಣ್ಣ" ಅಂದರು ಡಾಕ್ಟರಮ್ಮ.

ಅಣ್ಣನ ಮುಖ ನೋಡಬೇಕಿತ್ತು ಆಗ. ತಿಂಗಳುಗಳಿಂದ ಮಂಕಾಗಿದ್ದ ಕಣ್ಣು ಹೊಳೆಯಿತು. ರಿಮ್ಮಿನ ಮೇಲೆ ಅಂಗೈ ಆಡಿಸಿದ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದ. "ನಿಮ್ಮದೂ ನಮ್ಮದೂ ಒಂದೇ ಕೆಲಸ ಡಾಕ್ಟ್ರೇ. ಸಂದೀಲಿ ಏನೂ ಸಿಕ್ಕಿಹಾಕ್ಕೋಬಾರ್ದು" ಅಂದ. ಆಯಮ್ಮ ಗಹಗಹಿಸಿ ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ತರಿಸಿದೆ. ಮನಸ್ಸಿನಲ್ಲೇ ಪಣ ಕಟ್ಟಿಕೊಂಡೆ: ಇವನು ಈ ನಾಲ್ಕು ರಿಮ್ಮಿಗೆ ಸರಿಯಾದ ಟೈರು ಕೂಡಿಸಿಬಿಟ್ಟರೆ, ನನ್ನಣ್ಣ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾನೆ. ಇವನು ಸೋತರೆ ಅನ್ನುವ ಯೋಚನೆಯನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ.

ಆಯಮ್ಮ ಹೋದ ಮೇಲೆ ಅವನು ಮುಂದಿನ ರಿಮ್ಮನ್ನು ಬೆಂಚಿನ ಮೇಲೆ ಮಲಗಿಸಿದ. ಕಡ್ಡಿಗಳು ಎದುರಿಗೇ ಗೋಡೆಯ ಮೊಳೆಗೆ ತೂಗುತ್ತಿದ್ದವು. ಅವನು ಜೇಬಿನಿಂದ ಟೇಪು ತೆಗೆದ. ಎಳೆದ. ಒಂದು ತುದಿಯನ್ನು ರಿಮ್ಮಿನ ಹೊರ ಅಂಚಿಗೆ ಸಿಕ್ಕಿಸಿ, ಇನ್ನೊಂದು ಹೊರ ಅಂಚಿಗೆ ತಂದು ಹಿಡಿದ.

"ಎಂಟೂವರೆ" ಅಂದ.

ನಾನು ಕೌಂಟರಿನಲ್ಲಿ ಕೂತು ನೋಡುತ್ತಿದ್ದೆ. ನೋಡಿದ್ದು ಸುಳ್ಳಿರಬೇಕು, ತಮಾಷೆ ಮಾಡುತ್ತಿರಬೇಕು, ಈಗ ನಕ್ಕು ಕಡ್ಡಿ ತೆಗೆದುಕೊಳ್ಳುತ್ತಾನೆ ಅಂದುಕೊಂಡೆ. ಅವನು ಹಿಂದಿನ ರಿಮ್ಮನ್ನೂ ಅದೇ ರೀತಿ, ಅಷ್ಟೇ ಗಂಭೀರವಾಗಿ ಅಳೆದ. "ಹತ್ತು. ಮುಂದೆ ಇನ್ನೂರ ನಲವತ್ತೈದು, ಹಿಂದೆ ಇನ್ನೂರ ಎಂಬತ್ತೈದು. ಆರ್ಡರ್ ಹಾಕು" ಅಂತ ನನಗೆ ಹೇಳಿದ. ಎಂಟೂವರೆಗೆ, ಹತ್ತಕ್ಕೆ, ಅದು ಸರಿಯಾದ ಜೋಡಿಯೇ. ಅಂದರೆ ದುಭಾಷಿಯ ತಲೆಯಲ್ಲಿ ಭಾಷೆಗಳೆರಡೂ ಇನ್ನೂ ಇದ್ದವು. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನುವ ಮೊದಲ ಪಾಠ ಮಾತ್ರ ಹೊರಟುಹೋಗಿತ್ತು.

ಮೌನಿ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅವನು ಸುಮ್ಮನೆ ಸ್ಪ್ಯಾನರ್ ಒರೆಸತೊಡಗಿದ.

ಮಧ್ಯಾಹ್ನ ಅಣ್ಣ ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿದಾಗ ನಾನು ಕಡ್ಡಿ ತೆಗೆದುಕೊಂಡು ಅಳೆದೆ. ಮುಂದಿನದು ಏಳೂವರೆ, ಹಿಂದಿನದು ಒಂಬತ್ತು. ಅಂದರೆ ಮುಂದೆ ಇನ್ನೂರ ಇಪ್ಪತ್ತೈದು, ಹಿಂದೆ ಇನ್ನೂರ ಐವತ್ತೈದು. ಅವನೇ ಕಲಿಸಿದ ವಿದ್ಯೆ, ಕಣ್ಣೀರಿನಲ್ಲಿ ಸ್ಕೇಲಿನ ಗೆರೆ ಕಾಣುತ್ತಿರಲಿಲ್ಲ. ಮೌನಿ ಹತ್ತಿರ ಬಂದು, "ಅಕ್ಕ, ಅಣ್ಣಂಗೆ ಹೇಳೋಣ್ವಾ?" ಅಂದ.

"ನಿನ್ನ ನಾಲಿಗೆ ಸೀದುಹೋಗ. ಹೇಳಿದ್ರೆ ನೋಡು!" ಅಂದೆ.

"ಅಲ್ಲಕ್ಕ, ಟೈರು ಬಂದಾಗ ಗೊತ್ತಾಗಲ್ವಾ?"

"ಅವನಿಗೆ ನೆನಪಿದ್ದರೆ ತಾನೆ ಗೊತ್ತಾಗೋಕೆ?" ಅಂದುಬಿಟ್ಟೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ಅವನ ಮರೆವನ್ನೇ ನಂಬಿಕೊಂಡು ನಾನು ಸರಿಯಾದ ಟೈರಿಗೆ ಆರ್ಡರ್ ಹಾಕಿದೆ.

ಟೈರು ಬಂದ ದಿನ ಅವನು ಬೆಳಗಿನಿಂದಲೇ ಹುರುಪಾಗಿದ್ದ. ಡಾಕ್ಟರಮ್ಮನೂ ಕ್ಲಿನಿಕ್ಕಿಗೆ ರಜೆ ಹಾಕಿ ಬಂದಿದ್ದರು. ಅಣ್ಣ ಟೈರಿನ ಸುತ್ತಿದ ಕಾಗದ ಕಿತ್ತು, ಪಕ್ಕೆಯ ಮೇಲಿನ ಅಂಕಿ ಓದಿದ. ಇನ್ನೊಮ್ಮೆ ಓದಿದ. ಚಹಾ ಕುಡಿದದ್ದು ನೆನಪಿರದವನಿಗೆ ಈ ಅಂಕಿ ನೆನಪಿತ್ತು ನೋಡಿ.

"ಇದು ನಾನು ಹೇಳಿದ್ದಲ್ಲ."

"ಕಂಪನಿಯವರು ಇದೇ ಕಳಿಸಿದ್ದಾರೆ ಅಣ್ಣ, ಇದೂ ಆಗುತ್ತೆ" ಅಂದೆ.

"ಆಗುತ್ತಾ? ಯಾರು ಹೇಳಿದ್ದು ಆಗುತ್ತೆ ಅಂತ? ನಾನು ಎಂಟೂವರೆ ಇಂಚಿಗೆ ಹೇಳಿದ್ದೀನಿ, ನೀನು ಇನ್ನೂರ ಇಪ್ಪತ್ತೈದು ತರಿಸಿದ್ದೀಯ. ನನ್ನ ಕಣ್ಣಿಗೆ ಮಣ್ಣೆರಚ್ತೀಯಾ?" ಅವನ ದನಿ ಏರಿತು. "ನನ್ನ ಹಿಂದೆ ನನ್ನ ಅಂಗಡೀಲಿ ಏನು ನಡೀತಿದೆ? ಎಲ್ಲ ಸೇರ್ಕೊಂಡು ನನ್ನನ್ನ ಮುದುಕ ಮಾಡಿಬಿಟ್ರಾ?"

ಅವನು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಬೇರೆ ಯಾರಾದರೂ ಆಗಿದ್ದರೆ ನಾನು ಏಳು ಜನ್ಮಕ್ಕೆ ಸಾಕಾಗುವಷ್ಟು ತಿರುಗಿ ಕೊಡುತ್ತಿದ್ದೆ. ಆದರೆ ಏನು ಹೇಳಲಿ? ನೀನು ಕಾಂಪೌಂಡ್ ಅಳೆದೆ ಅಂತ ಅವನಿಗೆ ಹೇಳಲಾ? ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಡಾಕ್ಟರಮ್ಮ ಎದುರಿಗೇ ನಿಂತಿದ್ದರು. ನಾನು ತಲೆ ತಗ್ಗಿಸಿದೆ.

ರ್‍ಯಾಕಿನಲ್ಲಿ ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಇನ್ನೂರ ನಲವತ್ತೈದರ ಟೈರೊಂದು ಇತ್ತು. ಅಣ್ಣ ಅದನ್ನು ಎಳೆದು ತಂದ. "ನೋಡಿ ಡಾಕ್ಟ್ರೇ, ಇದು ಹೇಗೆ ಕೂರುತ್ತೆ ಅಂತ ನಿಮ್ಮ ಕಣ್ಣಾರೆ ನೋಡಿ" ಅಂದ. ಮೌನಿಯನ್ನು ಪಕ್ಕಕ್ಕೆ ತಳ್ಳಿ ತಾನೇ ಮೆಷಿನ್ನಿನ ಮುಂದೆ ನಿಂತ. ಸೋಪಿನ ನೀರು ಸವರಿದ, ಕಬ್ಬಿಣದ ಕೋಲು ಹಾಕಿದ, ಟೈರು ಬೆಣ್ಣೆಯ ಹಾಗೆ ರಿಮ್ಮಿನ ಮೇಲೆ ಇಳಿಯಿತು. ಕೈಗೆ ಎಲ್ಲ ಗೊತ್ತಿತ್ತು. ಚಕ್ರವನ್ನು ನೆಲಕ್ಕೆ ಇಳಿಸಿ, ಗಾಳಿ ಪೈಪಿನ ಕ್ಲಿಪ್ಪನ್ನು ವಾಲ್ವಿಗೆ ಕಚ್ಚಿಸಿ, ಗಾಳಿ ಬಿಟ್ಟ. ಢಬ್, ಢಬ್ ಅಂತ ಎರಡು ಸದ್ದಾಗಿ ಟೈರಿನ ಎರಡೂ ಅಂಚು ರಿಮ್ಮಿನಲ್ಲಿ ಕೂತವು.

"ಕೂತ್ಕೊಳ್ತು!" ಅಂದ ಅಣ್ಣ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

ನೋಡುತ್ತ ನೋಡುತ್ತ ಅವನ ಮುಖದಲ್ಲಿ ಏನೋ ಬದಲಾಯಿತು. ಟೇಪು ಮರೆತದ್ದನ್ನು ಕಣ್ಣು ಮರೆತಿರಲಿಲ್ಲ. ಟೈರಿನ ಪಕ್ಕೆಗಳು ಒಳಕ್ಕೆ ಚಿವುಟಿಕೊಂಡಿದ್ದವು, ನಡುವೆ ಉಬ್ಬಿತ್ತು. ಜೀವಮಾನವೆಲ್ಲ ಬೇರೆಯವರ ಗಾಡಿಯಲ್ಲಿ ದೂರದಿಂದಲೇ ಗುರುತಿಸಿ ಬೈಯುತ್ತಿದ್ದ ತಪ್ಪು ಅದು. ಅವನು ಮೆಲ್ಲಗೆ ಗೋಡೆಯ ಹತ್ತಿರ ಹೋದ. ಮೊಳೆಯಿಂದ ಕಡ್ಡಿ ತೆಗೆದುಕೊಂಡ. ಬೆಂಚಿನ ಮೇಲಿದ್ದ ಜೊತೆಯ ರಿಮ್ಮಿನ ಒಳಗೆ ಅವನ್ನು ಇಟ್ಟು ಜಾರಿಸಿದ, ಬೆರಳಲ್ಲಿ ಹಿಡಿದ, ಸ್ಕೇಲಿನ ಮೇಲೆ ಇಟ್ಟ. ಅಲ್ಲೇ ನಿಂತುಬಿಟ್ಟ, ನಮಗೆ ಬೆನ್ನು ಹಾಕಿ.

ಅಷ್ಟರಲ್ಲಿ ಡಾಕ್ಟರಮ್ಮ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇದು ಸರಿಯಾಗಿದೆ ಅಂತೀರಾ ಇಂಚಣ್ಣ? ಸ್ವಲ್ಪ ಉಬ್ಬಿದ ಹಾಗಿದೆಯಲ್ಲ" ಅಂತ ಟೈರಿನ ಹತ್ತಿರ ಮುಖ ತಂದಿದ್ದರು. ನಾನು ಅಣ್ಣನ ಬೆನ್ನನ್ನೇ ನೋಡುತ್ತಿದ್ದೆ. ಗಾಳಿ ಪೈಪು ಇನ್ನೂ ವಾಲ್ವಿಗೆ ಕಚ್ಚಿಕೊಂಡೇ ಇತ್ತು. ಗಾಳಿ ಹೋಗುತ್ತಲೇ ಇತ್ತು. ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿಂದ ಎಷ್ಟೋ ಮುಂದೆ ಹೋಗಿ ಕೆಂಪು ಬಣ್ಣಕ್ಕೆ ಬಂದಿತ್ತು.

"ಅಯ್ಯಯ್ಯೋ!" ಅಂತ ಮೌನಿ ಕೂಗಿದ್ದು ಕೇಳಿತು. ಒಂದೇ ನೆಗೆತಕ್ಕೆ ಹಾರಿ ಗೋಡೆಯ ಮೇಲಿನ ಗಾಳಿಯ ನಲ್ಲಿ ತಿರುಗಿಸಿ ನಿಲ್ಲಿಸಿದ, ಕ್ಲಿಪ್ಪು ಕಿತ್ತ, ಡಾಕ್ಟರಮ್ಮನ ಭುಜ ಹಿಡಿದು ಹಿಂದಕ್ಕೆ ಎಳೆದ. ಆಯಮ್ಮ ಹಾಗೇ ನೆಲಕ್ಕೆ ಕುಕ್ಕರಿಸಿದರು. ಟೈರು ಒಡೆಯಲಿಲ್ಲ. ಒಡೆದಿದ್ದರೆ ಆ ತಲೆ ಇರುತ್ತಿರಲಿಲ್ಲ. ಟೈರಿನ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಣ್ಣ ಗಾಳಿ ಹಾಕುವಾಗ ಮುಳ್ಳಿನಿಂದ ಕಣ್ಣು ತೆಗೆದದ್ದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ.

ಮೌನಿ ಗಾಳಿ ಇಳಿಸತೊಡಗಿದ. ಅಣ್ಣ ಗೇಜು ನೋಡಿದ, ಕೆಳಗೆ ಕೂತಿದ್ದ ಡಾಕ್ಟರಮ್ಮನನ್ನು ನೋಡಿದ, ತನ್ನ ಕೈ ನೋಡಿಕೊಂಡ. ಅವನಿಗೆ ಎಲ್ಲ ಅರ್ಥವಾಯಿತು. ದೇವರೇ, ಮರೆಸುವುದಿದ್ದರೆ ಪೂರ್ತಿ ಮರೆಸಬಾರದೇ, ಹೀಗೆ ನಡುನಡುವೆ ಎಚ್ಚರ ಕೊಟ್ಟು ಯಾಕೆ ಕೊಲ್ಲುತ್ತೀಯ ಅನಿಸಿತು.

"ಡಾಕ್ಟ್ರೇ, ಪೆಟ್ಟಾಯ್ತಾ?" ಅಂದ.

"ಏನೂ ಇಲ್ಲ, ಏನೂ ಇಲ್ಲ" ಅಂದರು ಆಯಮ್ಮ.

ಅವನು ನನ್ನ ಹತ್ತಿರ ಬಂದು ಒಳಗಿನ ಕೋಣೆಗೆ ಕರೆದ. ಬಾಗಿಲು ಮುಂದೆ ಮಾಡಿ, ನನ್ನ ಎರಡೂ ಕೈ ಹಿಡಿದುಕೊಂಡ. "ನೀನು ತರಿಸಿದ ಟೈರೇ ಸರಿ ಕಣೇ. ನಾನು ಹೊರಗಿಂದ ಅಳೆದುಬಿಟ್ಟಿದ್ದೆ" ಅಂದ.

"ಹೋಗ್ಲಿ ಬಿಡೋ ಅಣ್ಣ, ಯಾರಿಗೆ ತಪ್ಪಾಗಲ್ಲ?"

"ಅಳತೆ ಹಾಳಾಗಿ ಹೋಗ್ಲಿ. ಗಾಳಿ ಬಿಟ್ಟು ಮರೆತೆ. ಆ ಹೆಣ್ಣುಮಗಳು ಅಲ್ಲೇ ಕೂತಿದ್ಲು." ನನ್ನ ಕೈ ಇನ್ನೂ ಬಿಗಿಯಾಗಿ ಹಿಡಿದ. "ಮೆಣಸಿನಕಾಯಿ, ಕೇಳಿಲ್ಲಿ. ನನಗೆ ಈಗ ನೆಟ್ಟಗಿದೆ, ಈಗಲೇ ಹೇಳಿಬಿಡ್ತೀನಿ. ಇನ್ಮೇಲೆ ನನ್ನನ್ನ ಅಂಗಡಿಗೆ ಬಿಡಬೇಡ. ನಾಳೆ ನಾನು ಇದನ್ನ ಮರೀತೀನಿ. ಬರ್ತೀನಿ ಅಂತೀನಿ, ಜಗಳ ಆಡ್ತೀನಿ, ಬಾಯಿಗೆ ಬಂದಿದ್ದು ಬೈತೀನಿ. ನೀನು ಮಾತ್ರ ಬಗ್ಗಬೇಡ. ನಿನಗೆ ಬಾಯಿ ಜೋರು, ಅದಕ್ಕೇ ನಿನಗೆ ಹೇಳ್ತಿದ್ದೀನಿ. ಮಾತು ಕೊಡು."

ನಾನು ಅಳುತ್ತ ಮಾತು ಕೊಟ್ಟೆ. ಅವನು ಅಳಲಿಲ್ಲ. ಮೌನಿ ಸರಿಯಾದ ಟೈರು ಕೂಡಿಸಿ ಕಾರು ಕಳಿಸುವವರೆಗೂ ಆ ಕೋಣೆಯಲ್ಲೇ ಕೂತಿದ್ದ, ಹೊರಗೆ ಬಂದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಕೆಲಸದ ಅಂಗಿ ಹಾಕಿ, ಷೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಡಿಯೇ ಬೇಗ. ಹಲ್ಲಿನ ಡಾಕ್ಟ್ರ ಟೈರು ಬರೋ ದಿನ ಇವತ್ತು" ಅಂದ. ನಿನ್ನೆಯ ನೆರಳೂ ಮುಖದ ಮೇಲಿರಲಿಲ್ಲ.

"ನೀನು ಬರೋ ಹಾಗಿಲ್ಲ ಅಣ್ಣ."

"ಯಾವನು ಹೇಳಿದ್ದು?"

"ನೀನೇ ಹೇಳಿದ್ದು."

"ನಾನಾ? ನನಗೇನು ತಲೆ ಕೆಟ್ಟಿದೆಯಾ?" ಅಂತ ಕೂಗಾಡಿದ. ತಾನೇ ಹೇಳಿದ್ದ ಹಾಗೆ ಬಾಯಿಗೆ ಬಂದದ್ದು ಬೈದ. ಗಂಡನ ಮನೆಯಲ್ಲಿ ಬಾಳದವಳು ಅಂದ. ಎಂದೂ ಅನ್ನದ ಮಾತು ಅದು, ಅವತ್ತು ಅಂದ. ನಾನು ಬಾಗಿಲಿಗೆ ಅಡ್ಡ ನಿಂತು, ಟೇಪಿನಿಂದ ಹಿಡಿದು ಗೇಜಿನ ಮುಳ್ಳಿನವರೆಗೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವನ ದನಿ ಇಳಿಯಿತು, ಮೆಟ್ಟಿಲ ಮೇಲೆ ಕುಸಿದು ಕೂತ. "ಆ ಡಾಕ್ಟರಮ್ಮಂಗೆ ಏನೂ ಆಗಲಿಲ್ಲ ತಾನೆ?" ಅಂದ. ಏನೂ ಆಗಲಿಲ್ಲ ಅಂದೆ. ಅವನು ಷೂ ಬಿಚ್ಚಿದ.

ಅದರ ಮರುದಿನವೂ ಅದೇ. ಅದರ ಮರುದಿನವೂ. ದಿನಾ ಬೆಳಿಗ್ಗೆ ಅವನು ಹೊರಡುತ್ತಿದ್ದ, ದಿನಾ ನಾನು ಅವನ ಬದುಕು ಮುಗಿದ ಸುದ್ದಿಯನ್ನು ಹೊಸದಾಗಿ ಹೇಳುತ್ತಿದ್ದೆ, ದಿನಾ ಅವನು ಮೊದಲ ಸಲ ಕೇಳುತ್ತಿದ್ದ. ನೆರೆಮನೆಯಾಕೆ, "ಏನಾದ್ರೂ ಸುಳ್ಳು ಹೇಳಿಬಿಡಬಾರ್ದಾ, ಇವತ್ತು ಅಂಗಡಿಗೆ ರಜ ಅಂತ?" ಅಂದಳು. ಹೇಳಿ ನೋಡಿದೆ. ನಾನು ಬಾಗಿಲು ಹಾಕಿಕೊಂಡು ಹೋದ ಮೇಲೆ ಹಿತ್ತಲಿನಿಂದ ಹೊರಟು, ದಾರಿ ತಪ್ಪಿ, ದೊಡ್ಡ ರಸ್ತೆಯಲ್ಲಿ ಸಿಕ್ಕಿದ. ನಿಜ ಹೇಳಿದರೆ ಮಾತ್ರ ಷೂ ಬಿಚ್ಚುತ್ತಿದ್ದ. ಅದಕ್ಕೇ ನಿಜವನ್ನೇ ಹೇಳಿದೆ, ಕಲ್ಲುಮನಸ್ಸು ಮಾಡಿಕೊಂಡು, ಚಳಿಗಾಲ ಪೂರ್ತಿ.

ಇತ್ತೀಚೆಗೆ ಅವನು ಬೈಯುವುದು ನಿಂತಿತ್ತು. ನಾನು ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇವತ್ತು ಬೆಳಿಗ್ಗೆ ಅವನು ಷೂ ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತಿದ್ದ, ಕಾಲಿಗೆ ಹಾಕಿರಲಿಲ್ಲ. ಅಭ್ಯಾಸಬಲದಿಂದ ನಾನು ಎಲ್ಲ ಹೇಳಿದೆ. ಟೈರಿನವನೊಬ್ಬ ಇದ್ದ ಅಂತ ಯಾರೋ ಕತೆ ಹೇಳಿದರೆ ಕೇಳುವ ಹಾಗೆ, ಅವನು ತಲೆ ಆಡಿಸುತ್ತ ಪೂರ್ತಿ ಕೇಳಿದ.

"ಪಾಪ, ಒಳ್ಳೆ ಕೆಲಸಗಾರ ಅನ್ಸುತ್ತೆ" ಅಂದ. "ಅವನಿಗೆ ಮನೇಲಿ ಯಾರಾದ್ರೂ ಇದ್ದಾರಾ? ನಿಮಗೆ ಗೊತ್ತಾ?"

"ಒಬ್ಬಳು ತಂಗಿ ಇದ್ದಾಳೆ" ಅಂದೆ.

"ಅವಳಿಗೆ ಕಷ್ಟ" ಅಂದ ಅಣ್ಣ.

ಹೌದು ಅಂದೆ. ಅವನ ಕೈಯಿಂದ ಷೂ ತೆಗೆದುಕೊಂಡು ಒಳಗಿಟ್ಟೆ.